ಇಬ್ಬರು ಕ್ಲಿಮೆನಿಯರು

ಇವತ್ತು ಬೆಳಿಗ್ಗೆ ಬಟ್ಟೆ ಕಪಾಟಿನ ತಳದಿಂದ ಒಂದು ನೀಲಿ ಸೀರೆ ಎಳೆದೆ. ಸೆರಗಿನಲ್ಲಿ ಬಂಗಾರದ ಕಾಗದದ ಚೂರುಗಳು, ಮೂಗಿಗೆ ಒಣಗಿದ ಅಂಟಿನ ವಾಸನೆ. ನಾನು ಜೋರಾಗಿ ನಕ್ಕುಬಿಟ್ಟೆ. ನಿಮಗೂ ಹೇಳಿಬಿಡುತ್ತೇನೆ; ಒಬ್ಬಳೇ ನಿಂತು ನಗುವ ಹೆಂಗಸಿನ ಬಗ್ಗೆ ಜನ ಏನೇನೋ ಅಂದುಕೊಳ್ಳುತ್ತಾರೆ.

ಮಗಳು ಸಹನಾ ಆಗ ಐದನೆಯ ಕ್ಲಾಸು. ಈ ಕೊಲ್ಲಿ ದೇಶದಲ್ಲಿ, ಸಾಲ್ಮಿಯಾದ ಇದೇ ಬಿಲ್ಡಿಂಗಿನಲ್ಲಿ, ನಮ್ಮ ಎದುರು ಮನೆಯಲ್ಲಿ ಲೀನಕ್ಕ ಇದ್ದರು. ಆಸ್ಪತ್ರೆಯಲ್ಲಿ ನರ್ಸು, ಮಂಗಳೂರು ಕಡೆಯವರು. ಅವರ ಮಗಳು ಆನ್ಸಿಲ್ಲಾ, ಸಹನಾಳ ಜೀವದ ಗೆಳತಿ. ಅವರ ಕೊಂಕಣಿ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ತುಳು ಅವರಿಗೆ ಪೂರ್ತಿ. ಜಗಳಕ್ಕೆ ಮಾತ್ರ ಇಬ್ಬರಿಗೂ ಕನ್ನಡವೇ ಅನುಕೂಲ. ಮಕ್ಕಳಿಬ್ಬರೂ ಎಲ್ಲವನ್ನೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು.

ಶಾಲೆಯಲ್ಲಿ ಆ ವರ್ಷ ಗ್ರೀಕ್ ಪುರಾಣದ ನಾಟಕ. ಇಬ್ಬರೂ ಚೀಟಿ ಹಿಡಿದು ಓಡಿ ಬಂದರು. ಎರಡರಲ್ಲೂ ಒಂದೇ ಹೆಸರು: ಕ್ಲಿಮೆನಿ.

"ಇದೆಂತ ಮಾರಾಯ್ತಿ? ನನ್ನ ಮಗಳ ಪಾರ್ಟು ನಿನ್ನ ಮಗಳಿಗೂ ಕೊಟ್ಟಿದ್ದಾರಲ್ಲ!" ಎಂದರು ಲೀನಕ್ಕ.

ನಾನು ಫೋನಿನಲ್ಲಿ ಹುಡುಕಿದೆ. ನೋಡಿದರೆ ಕ್ಲಿಮೆನಿಯರ ದೊಡ್ಡ ಬಳಗವೇ ಇದೆ! ಒಬ್ಬಳು ಸಾಗರನ ಮಗಳು, ಒಬ್ಬಳು ಕತ್ತಿ ಹಿಡಿದ ವೀರವನಿತೆ, ಒಬ್ಬಳು ಹೆಲೆನ್ ರಾಣಿಯ ಸಖಿ. ಗ್ರೀಕರಿಗೆ ಹೆಸರಿಗೇನು ಬರಗಾಲವಿತ್ತೋ! ಅರ್ಧ ಗಂಟೆ ಹಿಂದೆ ಕೇಳಿದ ಹೆಸರಿನ ಬಗ್ಗೆ ನಾನು ದೊಡ್ಡ ಪಂಡಿತೆಯಂತೆ ಭಾಷಣ ಮಾಡಿದೆ. ಟೀಚರಿಗೆ ಫೋನು ಮಾಡಿದಾಗ ವಿಷಯ ತಿಳಿಯಿತು. ಸಹನಾ ಸಾಗರನ ಮಗಳು; ಅವಳ ಮಗ ಫೇಥನ್ ಸೂರ್ಯನ ರಥ ಓಡಿಸಲು ಹೋಗಿ ಆಕಾಶದಿಂದ ಬೀಳುತ್ತಾನೆ. ಆನ್ಸಿಲ್ಲಾ ಮುಂದಿನ ದೃಶ್ಯದಲ್ಲಿ ಹೆಲೆನಳಿಗೆ ನೀರು ಕೊಡುವವಳು. ಅವಳಿಗೆ ಒಂದೂ ಮಾತಿಲ್ಲ.

ಲೀನಕ್ಕನ ಮುಖ ಸಣ್ಣದಾಯಿತು. "ದಿನವಿಡೀ ಬೇರೆಯವರಿಗೆ ನೀರು ಕುಡಿಸಿ ನನಗೆ ಸಾಕಾಗಿದೆ. ಸ್ಟೇಜಿನಲ್ಲೂ ನನ್ನ ಮಗಳು ಅದನ್ನೇ ಮಾಡ್ಬೇಕಾ?"

ನಾನು ಸುಮ್ಮನಿರಬೇಕಿತ್ತು. ನಗು ಬಂತು, ನಕ್ಕೆ.

"ಖಲಾಸ್," ಎಂದು ಅವರು ಬಾಗಿಲು ಹಾಕಿಕೊಂಡರು. ಎರಡು ವಾರ ಲಿಫ್ಟಿನಲ್ಲಿ ಎದುರಾದರೂ ನಾನು ಚಪ್ಪಲಿ ನೋಡುತ್ತಿದ್ದೆ, ಅವರು ಗುಂಡಿಗಳನ್ನು ನೋಡುತ್ತಿದ್ದರು.

ನಾಟಕದ ದಿನ ಬಂತು. ಹಾಲ್ ತುಂಬಿತ್ತು. ಫೇಥನ್ ಆದ ದಪ್ಪ ಹುಡುಗ ಕುರ್ಚಿಯಿಂದ ಧೊಪ್ಪನೆ ಬಿದ್ದು ಸತ್ತ. ಬಂಗಾರದ ಕಾಗದ ಅಂಟಿಸಿದ ನನ್ನ ನೀಲಿ ಸೀರೆಯುಟ್ಟ ಸಹನಾ ಬಂದು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಗೋಳಾಡಬೇಕು. ನಿಂತಳು. ಬಾಯಿ ತೆರೆದಳು. ಒಂದಕ್ಷರವೂ ಬರಲಿಲ್ಲ. ಪರದೆಯ ಹಿಂದಿನಿಂದ ಟೀಚರ್ ಪಿಸುಗುಟ್ಟಿದರು: "ಕ್ಲಿಮೆನಿ! ಕ್ಲಿಮೆನಿ!"

ಕರೆದದ್ದು ತನ್ನನ್ನೇ ಎಂದುಕೊಂಡು ಆನ್ಸಿಲ್ಲಾ ಹೂಜಿ ಹಿಡಿದು ಸ್ಟೇಜಿಗೆ ಬಂದಳು, ಬೇರೆಯೇ ಕಥೆಯಿಂದ. ಹೆಲೆನ್ ಎಲ್ಲೂ ಇಲ್ಲ. ಗೆಳತಿಯ ಕಣ್ಣಲ್ಲಿ ನೀರು. ಆನ್ಸಿಲ್ಲಾ ಸಹನಾಳ ಬೆನ್ನು ಸವರಿ, ಅಚ್ಚಗನ್ನಡದಲ್ಲಿ ಹೇಳಿದಳು: "ಅಳ್ಬೇಡ. ಸ್ವಲ್ಪ ನೀರು ಕುಡಿ. ಎಲ್ಲ ಸರಿ ಆಗ್ತದೆ."

ಅದು ಸಾಕ್ಷಾತ್ ಲೀನಕ್ಕನ ದನಿ, ವಾರ್ಡಿನಲ್ಲಿ ರೋಗಿಗೆ ಹೇಳುವಂತೆ.

ಸಹನಾ ಗಟಗಟ ನೀರು ಕುಡಿದಳು. ಆಮೇಲೆ ಸೆರಗು ಕೊಡವಿ ಕೂಗಿದಳು: "ಎಲ್ಲಿ ಸರಿ ಆಗ್ತದೆ ಮಾರಾಯ್ತಿ? ನನ್ನ ಮಗ ಆಕಾಶದಿಂದ ಬಿದ್ದಿದ್ದಾನೆ!"

ಅದು ಸಾಕ್ಷಾತ್ ನಾನು.

ಕನ್ನಡ ಬಲ್ಲವರು ನಕ್ಕರು, ಅವರನ್ನು ನೋಡಿ ಉಳಿದವರೂ ನಕ್ಕರು. ಸತ್ತ ಫೇಥನ್ ಎದ್ದು ಕೂತು ತನಗೂ ನೀರು ಕೇಳಿದ. ಆನ್ಸಿಲ್ಲಾ ಅವನಿಗೂ ಕೊಟ್ಟಳು. ಚಪ್ಪಾಳೆ ನಿಲ್ಲುವ ಮೊದಲೇ ಯಾರೋ ನನ್ನ ಭುಜ ಹಿಡಿದರು. ಲೀನಕ್ಕ. ನಗುತ್ತಿದ್ದರು, ಕಣ್ಣು ಒದ್ದೆ. "ನೋಡಿದೆಯಾ? ನಿನ್ನ ಮಗಳನ್ನು ಉಳಿಸಿದ್ದು ನೀರು ಕೊಡುವವಳು!"

"ತಪ್ಪಾಯ್ತು ಲೀನಕ್ಕ," ಎಂದೆ. ಅದನ್ನು ಹೇಳಲು ನನಗೆ ಎರಡು ವಾರ ಹಿಡಿದಿತ್ತು.

ಅವರು ಎಗೈಲಾಕ್ಕೆ ಮನೆ ಬದಲಿಸಿ ಎರಡು ವರ್ಷವಾಯಿತು. ಕಾರಿನಲ್ಲಿ ಅರ್ಧ ಗಂಟೆಯ ದಾರಿ. "ಬರ್ತೇನೆ" ಎನ್ನುತ್ತಲೇ ಇದ್ದೇನೆ, ಹೋಗಿಲ್ಲ. ಇವತ್ತು ಸೀರೆ ಮಡಚುವ ಬದಲು ಫೋನು ಮಾಡಿದೆ.

"ಬರುವವಳಾದರೆ ಈಗಲೇ ಬಾ," ಎಂದರು. "ಬಂಗುಡೆ ಕಾವಲಿಯಲ್ಲಿ ಉಂಟು."

ತಲೆ ಬಾಚಿಕೊಳ್ಳುವ ಮೊದಲೇ ನಾನು ಕಾರಿನಲ್ಲಿದ್ದೆ.