ಮೊಟ್ಟೆ ಕುಡಿದ ದಿಬ್ಬಣದ ಬಸ್ಸು

“ಕೋಳಿಮೊಟ್ಟೆ ಸಿಕ್ಕಿದ್ರೆ ಬಸ್ಸು ಹೊರಡ್ತೈತ್ರಿ, ಇಲ್ದಿದ್ರೆ ಇಲ್ಲ” ಎಂದ ಡ್ರೈವರ್ ಬಾಷಾ, ಎಂಜಿನ್ನಿನಿಂದ ತಲೆ ಎತ್ತಿ.

ಮಹಾರಾಜರ ಆಳ್ವಿಕೆಯ ಕೊನೆಗಾಲ. ನಾನು ಮದುಮಗ. ಹಿರಿಯೂರಿನಿಂದ ದುರ್ಗಕ್ಕೆ ಹೊರಟಿದ್ದ ನಮ್ಮ ದಿಬ್ಬಣದ ಮುದಿ ಬಸ್ಸು ದಾರಿಯಲ್ಲಿ ಒಂದು ಊರಿನ ಹತ್ತಿರ ಕೆಮ್ಮಿ ನಿಂತಿತ್ತು. ಎಂಜಿನ್ನಿನ ಕಬ್ಬಿಣದ ಮೈಯೇ ಬಿರುಕುಬಿಟ್ಟು ನೀರು ಸೋರುತ್ತಿತ್ತು. ಬಾಷಾ ಬಿರುಕಿನೊಳಕ್ಕೆ ತಾಮ್ರದ ತಂತಿಯನ್ನು ಉಳಿಯಿಂದ ಬಡಿದು ಕೂರಿಸಿದ. ಆದರೂ ಸ್ವಲ್ಪ ಜಿನುಗುತ್ತಿತ್ತು. ರೇಡಿಯೇಟರಿಗೆ ಮೊಟ್ಟೆಯ ಬಿಳಿ ಸುರಿದರೆ ಅದು ಬೆಂದು ಬಿರುಕನ್ನು ಮುಚ್ಚುತ್ತದಂತೆ.

ಬಸ್ಸಿನ ತುಂಬ ಮೊಟ್ಟೆ ಮುಟ್ಟದ ಲಿಂಗಾಯತರು. “ಶಿವಶಿವಾ, ಆ ಬಸ್ಸು ಹತ್ತಿ ಮದುವಿಗೆ ಹೋಗಾದೇ?” ಎಂದು ದೊಡ್ಡಪ್ಪ ಹಣೆ ಚಚ್ಚಿಕೊಂಡರು. ಆಗ ಎದ್ದವಳು ನಮ್ಮಜ್ಜಿ. ಪೂಜೆ ಮುಗಿಯದೆ ಮನೆಮಂದಿಗೆ ನೀರನ್ನೂ ಕೊಡದವಳು.

“ಮೋಟಾರಿಗೇನು ಲಿಂಗದೀಕ್ಷೆ ಆಗೈತೇನ್ರೋ? ಅದು ತಿನ್ನಾದು ಅದು ತಿನ್ಲಿ. ಮುಹೂರ್ತ ಮೀರಿದ್ರೆ ನನ್ನ ಮೊಮ್ಮಗನಿಗೆ ನೀವು ಹೆಣ್ಣು ಕೊಡ್ತೀರೇನು?”

ಬಾಷಾ ಊರೊಳಗೆ ಓಡಿ ಮೊಟ್ಟೆ ತಂದು ಒಡೆದು ಸುರಿದ. ಸೋರುವುದು ನಿಂತಿತು. ಹಿರಿಯರೆಲ್ಲ ಮೂಗು ಮುಚ್ಚಿಕೊಂಡು ಹತ್ತಿದರು. ಮುಹೂರ್ತಕ್ಕೆ ಮೊದಲೇ ದುರ್ಗ ಸೇರಿದೆವು. ಬೀಗರು ಬಸ್ಸಿನ ಹತ್ತಿರ ಬಂದು, “ಏನ್ರೀ ಇದು ವಾಸ್ನೆ?” ಎಂದರು.

“ಹೊಸ ನಮೂನಿ ಎಣ್ಣೆ ಕಣ್ರಿ, ಪರದೇಶದ್ದು” ಎಂದಳು ಅಜ್ಜಿ, ಕಣ್ಣು ಮಿಟುಕಿಸದೆ.

ಅಲ್ಲಿಯವರೆಗೆ ಆಕೆಯ ಮಡಿಗೆ ಹೆದರಿಯೇ ಬೆಳೆದವನು ನಾನು. ಅಂದಿನಿಂದ ಹೆದರಿಕೆ ಹೋಯಿತು, ಅಜ್ಜಿ ಇನ್ನಷ್ಟು ಹತ್ತಿರದವಳಾದಳು.