ಸುಷ್ಮಾ ಟೀಚರ್ ಎಂಬ ಗಿರಾಕಿ

ಬಸವರಾಜೇಶ್ವರಿ ಯಾರಿಗೇ ಮನೆ ತೋರಿಸಲಿ, ಬೀಗ ತೆಗೆದವಳು ಮೊದಲು ಹೋಗಿ ನಲ್ಲಿ ತಿರುಗಿಸುತ್ತಾಳೆ. ನೀರು ಬಂದರೆ ಮುಂದಿನ ಮಾತು. ಬಾರದಿದ್ದರೆ, ಮಾಲೀಕ ಪಕ್ಕದಲ್ಲೇ ನಿಂತಿದ್ದರೂ ಸರಿ, "ಇಲ್ಲಿ ನೀರಿನ ತಾಪತ್ರಯ ಇದೆ ಸರ್, ಯೋಚ್ನೆ ಮಾಡಿ" ಎಂದುಬಿಡುತ್ತಾಳೆ. ಭದ್ರಾವತಿಯ ಜನ್ನಾಪುರದ ಈ ಹೆಂಗಸು ಇಪ್ಪತ್ತೆರಡು ವರ್ಷಗಳಿಂದ ಮನೆ, ಸೈಟುಗಳ ಬ್ರೋಕರ್. ಗಂಡ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದವರು. ಅವರು ತೀರಿಕೊಂಡಾಗ ಇವಳ ಬಳಿ ಉಳಿದದ್ದು ಇಬ್ಬರು ಹೆಣ್ಣುಮಕ್ಕಳು ಮತ್ತು ಕ್ವಾರ್ಟರ್ಸಿನ ಸುತ್ತಮುತ್ತ ಯಾವ ಮನೆ ಯಾವಾಗ ಖಾಲಿಯಾಗುತ್ತದೆ ಎಂಬ ತಿಳಿವಳಿಕೆ. ತಮಿಳರ ಹತ್ತಿರ ತಮಿಳು, ತೆಲುಗರ ಹತ್ತಿರ ತೆಲುಗು ಮಾತಾಡಿ ಬಾಡಿಗೆ ಮನೆ ಹುಡುಕಿಕೊಡುತ್ತ ಹೋದವಳು ಕೊನೆಗೆ ಶಿವಮೊಗ್ಗದ ಸೈಟು ವ್ಯಾಪಾರಕ್ಕೂ ಕಾಲಿಟ್ಟಳು.

ನಾನು ಶರಾವತಿ. ಶಿವಮೊಗ್ಗದ ಕೋರ್ಟಿನ ಎದುರು ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ರಾಜೇಶ್ವರಿಯ ಕರಾರು ಪತ್ರಗಳನ್ನೆಲ್ಲ ಟೈಪ್ ಮಾಡಿದವಳು ನಾನೇ. ಅವಳಿಗೆ ನನ್ನ ಬಾಯಿ ಸೇರುವುದಿಲ್ಲ, ನನಗೆ ಅವಳ ಅವಸರ ಸೇರುವುದಿಲ್ಲ. ಆದರೂ ಹದಿನೈದು ವರ್ಷಗಳಿಂದ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡಿದ್ದೇವೆ.

ಬ್ರೋಕರ್ ಕೆಲಸ ಒಬ್ಬರಿಂದ ಆಗುವುದಲ್ಲ. ಸೈಟು ಒಬ್ಬನ ಕೈಯಲ್ಲಿರುತ್ತದೆ, ಗಿರಾಕಿ ಇನ್ನೊಬ್ಬನ ಕೈಯಲ್ಲಿ. ಇಬ್ಬರೂ ಸೇರಿ ವ್ಯಾಪಾರ ಕುದುರಿಸಿ ಕಮಿಷನ್ ಅರ್ಧರ್ಧ ಮಾಡಿಕೊಳ್ಳುತ್ತಾರೆ. ಅದಕ್ಕೆ ಬರವಣಿಗೆಯಿಲ್ಲ, ರಸೀದಿಯಿಲ್ಲ, ಎಲ್ಲ ಬಾಯಿಮಾತು. ಹೆಸರು ಕೆಟ್ಟ ಬ್ರೋಕರನ ಫೋನನ್ನು ಉಳಿದವರು ಎತ್ತುವುದಿಲ್ಲ. ಅಲ್ಲಿಗೆ ಅವನ ಅನ್ನಕ್ಕೆ ಕಲ್ಲು ಬಿತ್ತು. ಅದರಲ್ಲೂ ಒಂಟಿ ಹೆಂಗಸಿನ ಹೆಸರು ಕೆಡಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಎರಡು ವರ್ಷಗಳ ಹಿಂದೆ 'ಸೂರುಸೇತು' ಎಂಬ ಆ್ಯಪ್‌ನ ಪರವಾಗಿ ಸಂಜಯ್ ಎಂಬುವನೊಬ್ಬ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಟ್ಯಾಬು, ಮಾತಿಗೊಂದು 'ಅಮ್ಮಾ'. ತಿಂಗಳಿಗೆ ಆರು ಸಾವಿರ ಕೊಟ್ಟರೆ ಬ್ರೋಕರುಗಳ ಸೈಟಿನ ಫೋಟೋ ಆ್ಯಪ್‌ನಲ್ಲಿ ಹಾಕಿ, ಸೈಟು ಬೇಕೆಂದು ಹುಡುಕುತ್ತಿರುವವರ ಹೆಸರು, ನಂಬರು ಕೊಡುತ್ತಾರಂತೆ. ಅದಕ್ಕೆ ಅವರ ಭಾಷೆಯಲ್ಲಿ ಲೀಡ್ ಎಂದು ಹೆಸರು. 'ಪ್ರತಿಯೊಬ್ಬರಿಗೂ ನಾವೇ ಫೋನ್ ಮಾಡಿ ಪರಿಶೀಲಿಸಿದ ಖರೀದಿದಾರರು' ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿತ್ತು. ರಾಜೇಶ್ವರಿ ನಂಬಿದಳು. ತಾನು ಸೇರಿದ್ದು ಸಾಲದು ಎಂದು ಮೂವರನ್ನು ಸೇರಿಸಿದಳು. ಗೋಪಾಳದ ಕೊಟ್ರಬಸಪ್ಪ, ಆಯನೂರಿನ ಜಂಬಣ್ಣ, ರವೀಂದ್ರನಗರದ ಮನೋಹರ. "ಅಕ್ಕ ಹೇಳಿದ ಮೇಲೆ ಮುಗೀತು" ಎಂದು ಮೂವರೂ ಬ್ಯಾಂಕಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ತಿಂಗಳಾಗುತ್ತಲೇ ಹಣ ತಾನಾಗಿ ಖಾತೆಯಿಂದ ಹೋಗತೊಡಗಿತು.

ಹೋಗಿದ್ದು ಹಣ ಮಾತ್ರ. ಬಂದ ನಂಬರಿಗೆ ಫೋನ್ ಮಾಡಿದರೆ ಒಬ್ಬ ಸಾಲ ಕೊಡುವವರೆಂದು ತಿಳಿದು ಬೈದ. ಇನ್ನೊಬ್ಬ ಹುಬ್ಬಳ್ಳಿಯ ಹೂವಿನ ವ್ಯಾಪಾರಿ, ಸೈಟು ಎಂದರೆ ಅವನಿಗೆ ನಗು. ಉಳಿದವರು ಚೆನ್ನಾಗಿ ಮಾತಾಡಿ, ಜಾಗ ಎಲ್ಲಿ, ಗುರುತೇನು ಎಂದೆಲ್ಲ ಕೇಳಿ, ಬರ್ತೀನಿ ಎಂದು ಹೇಳಿ ಮಾಯವಾಗುತ್ತಿದ್ದರು. ಎಂಟು ತಿಂಗಳಲ್ಲಿ ಒಂದು ವ್ಯಾಪಾರವೂ ಆಗಲಿಲ್ಲ. ನಿಲ್ಲಿಸಿ ಎಂದರೆ ವರ್ಷದ ಒಪ್ಪಂದ ಎಂದರು. ಆಗ ನಾಲ್ವರೂ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ವಕೀಲರಿಗೆ ಫೀಸು ಕೊಡಲು ಮನಸ್ಸಿಲ್ಲದ ಕಾರಣ ದೂರು ಬರೆದು ಟೈಪ್ ಮಾಡುವ ಹಣೆಬರಹ ನನ್ನದಾಯಿತು.

ಒಂಬತ್ತನೇ ಪ್ಯಾರಾವನ್ನು ಕೊಟ್ರಬಸಪ್ಪ ಪಕ್ಕದಲ್ಲೇ ಕುಳಿತು ಹೇಳಿ ಬರೆಸಿದ. "ಹಾಕಿ ಮೇಡಂ. ಸುಷ್ಮಾ ಅಂತ ಟೀಚರು. ಮಾರ್ಚ್ ಬಿಸಿಲು. ಗೋಪಾಳದ ಸೈಟಿನ ಮುಂದೆ ಎರಡು ಗಂಟೆ ನಿಂತಿದ್ದೆ. ಫೋನ್ ಮಾಡ್ದಾಗೆಲ್ಲ ಬಸ್ಸಲ್ಲಿದ್ದೀನಿ, ಬಸ್ಸಲ್ಲಿದ್ದೀನಿ ಅಂದ್ಳು. ಶುಗರ್ ಇದೆ ನಂಗೆ. ತಲೆ ಸುತ್ತಿ ಅಲ್ಲೇ ಕಲ್ಲಿನ ಮೇಲೆ ಕೂತ್ಬಿಟ್ಟೆ." ಆಚೆ ಸ್ಟೂಲಿನ ಮೇಲೆ ರಾಜೇಶ್ವರಿ ಕುಳಿತಿದ್ದಳು. ಅವತ್ತು ಅವಳು ಮಾತೇ ಆಡಲಿಲ್ಲ. ನಾನು ಬೇಸರವಿರಬೇಕು ಎಂದುಕೊಂಡೆ. ಮೂರ್ಖಳು ನಾನು.

ಕಂಪನಿ ಉತ್ತರ ಸಲ್ಲಿಸಿತು, ಜೊತೆಗೆ ಅರವತ್ತನಾಲ್ಕು ಹೆಸರುಗಳ ಪಟ್ಟಿ. ಇವರೆಲ್ಲ ಜೀವಂತ ಮನುಷ್ಯರು, ಪ್ರತಿಯೊಬ್ಬರನ್ನೂ ನಮ್ಮ ಸಿಬ್ಬಂದಿ ಫೋನಿನಲ್ಲಿ ಪರಿಶೀಲಿಸಿದ್ದಾರೆ, ಮಾರಲು ಬಾರದಿದ್ದರೆ ಅದು ದಲ್ಲಾಳಿಗಳ ಅಸಾಮರ್ಥ್ಯ ಎಂಬುದು ಅವರ ವಾದ. ನಾನು ಆ ಪಟ್ಟಿಯನ್ನು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೆ. ಹದಿನೇಳನೇ ಸಾಲು: ಸುಷ್ಮಾ, ಶಿಕ್ಷಕಿ, ಬಜೆಟ್ ಮೂವತ್ತು ಲಕ್ಷ, ಪರಿಶೀಲಿಸಲಾಗಿದೆ. ನಂಬರು ಎಲ್ಲೋ ನೋಡಿದ್ದೇನೆ ಎನಿಸಿ ನನ್ನ ಮೊಬೈಲಿನಲ್ಲಿ ಒತ್ತಿದೆ. 'ರಾಜೇಶ್ವರಿ 2' ಎಂದು ಹೆಸರು ಬಂತು. ಹಿಂದೊಮ್ಮೆ ಅವಳ ಫೋನು ಕೆಟ್ಟಾಗ ಆ ನಂಬರಿನಿಂದ ನನಗೊಂದು ಕರಾರಿನ ಪ್ರತಿ ಕಳಿಸಿದ್ದಳು.

ಮಾರನೇ ದಿನ ಬೆಳಿಗ್ಗೆಯೇ ಅವಳನ್ನು ಭದ್ರಾವತಿಯಿಂದ ಕರೆಸಿ, ಶಟರ್ ಅರ್ಧ ಎಳೆದು, ಆ ಸಾಲಿನ ಮೇಲೆ ಬೆರಳಿಟ್ಟೆ.

"ಇದೇನೇ?"

ಅವಳು ಸುಳ್ಳು ಹೇಳಲಿಲ್ಲ. "ನಾನೇ" ಎಂದಳು.

ಈ ಕಸುಬಿನಲ್ಲಿ ಯಾರೂ ಸೈಟಿನ ಜಾಗ ಬಾಯಿಬಿಡುವುದಿಲ್ಲ. ಬಿಟ್ಟರೆ ಇನ್ನೊಬ್ಬ ಬ್ರೋಕರ್ ನೇರವಾಗಿ ಮಾಲೀಕನ ಹತ್ತಿರ ಹೋಗಿಬಿಡುತ್ತಾನೆ. ಹಾಗಾಗಿ ಪ್ರತಿಯೊಬ್ಬರ ಬಳಿಯೂ ಎರಡನೆಯ ಸಿಮ್ ಇರುತ್ತದೆ. ಇನ್ನೊಬ್ಬನ ಜಾಹೀರಾತು ಕಂಡರೆ ಆ ಸಿಮ್ಮಿನಿಂದ ದನಿ ಬದಲಿಸಿ ಗಿರಾಕಿಯ ಹಾಗೆ ಫೋನ್ ಮಾಡಿ ಜಾಗದ ಗುರುತು ತಿಳಿದುಕೊಳ್ಳುವುದು ರೂಢಿ. ಆ್ಯಪ್‌ನಲ್ಲಿ ಕೊಟ್ರಬಸಪ್ಪನ ಸೈಟಿನ ಫೋಟೋ ನೋಡಿ ರಾಜೇಶ್ವರಿಯೂ ಹಾಗೆಯೇ ಸುಷ್ಮಾ ಎಂದು ಹೆಸರು ಕೊಟ್ಟು ನಂಬರು ತುಂಬಿದ್ದಳು. ಆ್ಯಪ್‌ನವರು ಆ ನಂಬರನ್ನೇ ಪರಿಶೀಲಿಸಿದ ಖರೀದಿದಾರಳೆಂದು ಕೊಟ್ರಬಸಪ್ಪನಿಗೆ ಮಾರಿದ್ದರು. ಇವರ ಕೋಳಿಯನ್ನೇ ಹಿಡಿದು ಇವರಿಗೇ ಮಾರಿದ ಹಾಗೆ.

"ಆ ಎರಡು ಗಂಟೆ?" ಎಂದೆ.

"ಅವರನ್ನ ಅಲ್ಲಿ ನಿಲ್ಸಿ ನಾನು ಮಾಲೀಕರ ಮನೆಗೆ ಹೋಗಿದ್ದೆ. ವ್ಯಾಪಾರ ನನ್ನ ಕೈಲಿ ಮಾಡಿಸಿ ಅಂತ ಕೇಳ್ದೆ, ಮಾಲೀಕರು ಒಪ್ಪಲಿಲ್ಲ. ಶುಗರ್ ವಿಷಯ ನಂಗೆ ಗೊತ್ತಿರ್ಲಿಲ್ಲ ಶರಾವತಿ, ದೇವರಾಣೆ" ಎಂದು ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು. ಸಿಟ್ಟೇ ಹೆಚ್ಚು.

ಅವಳು ಪಟ್ಟಿಯನ್ನು ಮತ್ತೆ ನೋಡಿದಳು. ತನಗೆ ಬಂದ ಲೀಡುಗಳಲ್ಲಿ 'ಆಯನೂರು ಲೆಕ್ಚರರ್' ಎಂಬ ಹೆಸರಿತ್ತು. "ಇವನು ಜಂಬಣ್ಣ. ಫೋನಲ್ಲಿ ಕೇಳಿದ ಆ ಕೆಮ್ಮು ಬೇರೆ ಯಾರಿಗೂ ಇಲ್ಲ" ಎಂದಳು. ಇನ್ನೂ ಹತ್ತಾರು ಹೆಸರುಗಳ ಮೇಲೆ ನಮಗೆ ಅನುಮಾನ ಬಂತು. ಕಳ್ಳರ ಸಂತೆಯಲ್ಲಿ ಯಾರ ಗಂಟು ಯಾರ ಕೈಯಲ್ಲಿತ್ತೋ.

"ಬಾಯ್ಮುಚ್ಕೊಂಡಿರು" ಎಂದೆ ನಾನು. "ಸುಷ್ಮಾ ಯಾರು ಅಂತ ಯಾರಿಗೂ ಗೊತ್ತಿಲ್ಲ."

"ಸುಮ್ನಿದ್ರೆ ಕೇಸು ಹೋಗುತ್ತೆ. ಎಲ್ಲರಿಗೂ ಫೋನ್ ಮಾಡಿ ವಿಚಾರಿಸಿದ್ದೀವಿ ಅಂತ ಅವರು ಹೇಳ್ತಾರೆ. ನಂಗೆ ಯಾರೂ ಮಾಡಿಲ್ಲ. ಅದನ್ನ ಹೇಳೋಕೆ ನಂಗೊಬ್ಬಳಿಗೇ ಆಗೋದು. ನನ್ನ ಮಾತು ನಂಬಿ ಮೂರು ಜನ ದುಡ್ಡು ಕಟ್ಟಿದ್ದಾರೆ."

"ಹೇಳಿದ್ರೆ ಕೇಸು ಉಳಿಯುತ್ತೆ. ನೀನು ಉಳಿಯಲ್ಲ ಮಾರಾಯ್ತಿ."

ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು. ವಿಚಾರಣೆಗೆ ಇನ್ನು ಆರು ದಿನವಿತ್ತು. ಆ ಆರು ದಿನವೂ ಅವಳು ನನಗೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅಂಗಡಿಯಲ್ಲಿ ಟೈಪ್ ಮಾಡಲು ಕುಳಿತರೆ ಬೆರಳು ಎಲ್ಲೆಲ್ಲೋ ಬೀಳುತ್ತಿತ್ತು.

ವಿಚಾರಣೆಯ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಕಂಪನಿಯ ವಕೀಲರು ಬೆಂಗಳೂರಿನಿಂದ ಬಂದಿದ್ದರು, ಅವರ ಹಿಂದೆ ಸಂಜಯ್. "ಪಟ್ಟಿಯಲ್ಲಿ ಒಂದೇ ಒಂದು ಹೆಸರು ಸುಳ್ಳು ಎಂದು ತೋರಿಸಲಿ ನೋಡೋಣ" ಎಂದರು ವಕೀಲರು. ಆಯೋಗದ ಅಧ್ಯಕ್ಷೆ ನಮ್ಮವರ ಕಡೆ ನೋಡಿದರು. ಮೂವರು ಗಂಡಸರೂ ನೆಲ ನೋಡುತ್ತಿದ್ದರು.

ರಾಜೇಶ್ವರಿ ಎದ್ದಳು.

"ಹದಿನೇಳನೇ ಹೆಸರು ಸುಳ್ಳು ಮೇಡಂ. ಸುಷ್ಮಾ ಅನ್ನೋರು ಯಾರೂ ಇಲ್ಲ. ಆ ನಂಬರು ನಂದು."

ಚೀಲದಿಂದ ಎರಡನೆಯ ಫೋನು ತೆಗೆದು ಮೇಜಿನ ಮೇಲಿಟ್ಟಳು. ಅಧ್ಯಕ್ಷೆ, "ಸುಷ್ಮಾ ಬಗ್ಗೆ ದೂರಿನಲ್ಲಿ ಹೇಳಿರುವವರು ಯಾರು? ಅವರೇ ಈ ನಂಬರಿಗೆ ಕರೆ ಮಾಡಲಿ" ಎಂದರು. ಕೊಟ್ರಬಸಪ್ಪ ಜೇಬಿನಿಂದ ಮೊಬೈಲ್ ತೆಗೆದ. ಒತ್ತುವಾಗ ಎರಡು ಸಲ ತಪ್ಪಿತು. ಮೂರನೇ ಸಲ ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಅದನ್ನು ಯಾರೂ ನಿಲ್ಲಿಸಲಿಲ್ಲ, ತಾನಾಗಿ ನಿಂತಿತು. ಕೊಟ್ರಬಸಪ್ಪ ಅವಳ ಕಡೆ ನೋಡಿದ ನೋಟವನ್ನು ನಾನು ಯಾರ ಮುಖದಲ್ಲೂ ಮತ್ತೆ ನೋಡಲು ಬಯಸುವುದಿಲ್ಲ.

"ಕೊಳ್ಳೋ ಉದ್ದೇಶ ಇರಲಿಲ್ಲವೆ?" ಎಂದು ಅಧ್ಯಕ್ಷೆ ಕೇಳಿದರು.

"ಇಲ್ಲ ಮೇಡಂ. ಜಾಗ ಎಲ್ಲಿದೆ ಅಂತ ತಿಳ್ಕೊಳ್ಳೋಕೆ ಮೋಸ ಮಾಡ್ದೆ. ಆದ್ರೆ ಕಂಪನಿಯಿಂದ ಒಬ್ಬರೂ ನಂಗೆ ಫೋನ್ ಮಾಡಿ ವಿಚಾರಿಸಿಲ್ಲ. ಮೂವತ್ತು ಲಕ್ಷ ಅಂತಾನೂ ನಾನು ಹೇಳಿಲ್ಲ. ಅದನ್ನ ಅವರೇ ಬರ್ಕೊಂಡಿದ್ದಾರೆ."

ಸಂಜಯ್ ವಕೀಲರ ಕಿವಿಯಲ್ಲಿ ಏನೋ ಹೇಳಿದ. ವಕೀಲರು ಗಂಟಲು ಸರಿಮಾಡಿಕೊಂಡರು. "ಅರವತ್ತನಾಲ್ಕರಲ್ಲಿ ಒಂದು. ಮನುಷ್ಯರು ಮಾಡುವ ಕೆಲಸ, ಒಂದು ತಪ್ಪಬಹುದು. ಇಂಥವು ಇನ್ನೂ ಇವೆ ಎನ್ನುವುದಾದರೆ ಅವು ಯಾರದು, ಈಕೆಯೇ ಹೇಳಲಿ."

ಜಂಬಣ್ಣನಿಗೆ ಕೆಮ್ಮು ಬಂತು, ನುಂಗಿಕೊಂಡ.

"ನಂದು ನಾನು ಹೇಳಿದ್ದೀನಿ ಸ್ವಾಮಿ" ಎಂದಳು ರಾಜೇಶ್ವರಿ. "ಬೇರೆಯವರದ್ದು ಬರೋದಾದ್ರೆ ಅವರ ಬಾಯಲ್ಲೇ ಬರ್ಲಿ."

ಗೋಡೆಯ ಫ್ಯಾನು ಅತ್ತಿಂದಿತ್ತ ತಿರುಗುತ್ತಿತ್ತು. ಯಾರೂ ಏಳಲಿಲ್ಲ. ಗುಮಾಸ್ತ ಕಾಗದ ಮಡಚಲು ಶುರು ಮಾಡಿದ. ಇವಳು ಹೆಸರನ್ನೂ ಕಳೆದುಕೊಂಡಳು, ಕೇಸನ್ನೂ ಕಳೆದುಕೊಳ್ಳುತ್ತಾಳೆ ಎನಿಸಿ ನನಗೆ ಅಳು ಬಂತು. ಅಷ್ಟರಲ್ಲಿ ಬೆಂಚು ಕಿರುಗುಟ್ಟಿತು. ಎದ್ದವನು ಕೊಟ್ರಬಸಪ್ಪ.

"ಇಪ್ಪತ್ತೊಂಬತ್ತು, ನಲವತ್ತು ನಂದು ಮೇಡಂ. ಒಂದರಲ್ಲಿ ಇಂಜಿನಿಯರ್, ಇನ್ನೊಂದರಲ್ಲಿ ದುಬೈಯಿಂದ ಬಂದೋನು. ನಂಗೂ ಯಾರೂ ಫೋನ್ ಮಾಡಿ ಕೇಳಿಲ್ಲ."

ಅವನ ಹಿಂದೆ ಮನೋಹರ ಎದ್ದು ಮೂರು ನಂಬರು ಹೇಳಿದ. ಜಂಬಣ್ಣ ಕೊನೆಯವರೆಗೂ ಕುಳಿತೇ ಇದ್ದ.

ಹೊರಗೆ ಮೆಟ್ಟಿಲಿನ ಹತ್ತಿರ ರಾಜೇಶ್ವರಿ ಕೊಟ್ರಬಸಪ್ಪನ ಎದುರು ಕೈಮುಗಿದು ನಿಂತಳು. "ತಪ್ಪಾಯ್ತು ಕೊಟ್ರಬಸಪ್ಪೋರೆ."

"ಕೇಸಿಗೋಸ್ಕರ ಎದ್ದೆ ಅಕ್ಕ. ನಿಮಗೋಸ್ಕರ ಅಲ್ಲ" ಎಂದು ಅವನು ಸ್ಕೂಟರ್ ಹತ್ತಿದ.

ಎರಡು ತಿಂಗಳಿಗೆ ಆದೇಶ ಬಂತು. ಜಾಹೀರಾತು ದಾರಿ ತಪ್ಪಿಸುವಂಥದ್ದು, ಕಡಿತವಾದ ಹಣವನ್ನು ನಾಲ್ವರಿಗೂ ಹಿಂದಿರುಗಿಸಬೇಕು ಎಂದಿತ್ತು. ದೂರುದಾರರ ನಡತೆಯೂ ಶುದ್ಧವಲ್ಲವಾದ್ದರಿಂದ ಪರಿಹಾರವಿಲ್ಲ ಎಂದೂ ಇತ್ತು. ಅದು ನ್ಯಾಯವೇ. ನ್ಯಾಯವಲ್ಲದ್ದು ಆಮೇಲೆ ನಡೆಯಿತು. ಜಂಬಣ್ಣ ತನ್ನ ಹಣ ಎಣಿಸಿಕೊಂಡು ಹೋಗಿ, ಟೀ ಅಂಗಡಿಯಲ್ಲಿ ಕುಳಿತು, "ಆ ಹೆಂಗಸನ್ನ ನಂಬಬೇಡ್ರಪ್ಪ, ಕೋರ್ಟಲ್ಲೇ ಒಪ್ಕೊಂಡಿದ್ದಾಳೆ" ಎಂದು ಊರಿಗೆಲ್ಲ ಹೇಳಿದ. ಎಲ್ಲರ ಜೇಬಿನಲ್ಲೂ ಎರಡನೆಯ ಸಿಮ್ ಇತ್ತು, ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಕೈಗೆ ಸಿಕ್ಕಿದ್ದರೆ ಆ ಜಂಬಣ್ಣನ ಕೆಮ್ಮಿಗೆ ನಾನೇ ಔಷಧ ಕೊಡುತ್ತಿದ್ದೆ. ಶಿವಮೊಗ್ಗದಲ್ಲಿ ರಾಜೇಶ್ವರಿಯ ಫೋನನ್ನು ಯಾರೂ ಎತ್ತದಂತಾಯಿತು. ಅವಳು ಮತ್ತೆ ಭದ್ರಾವತಿಯ ಬಾಡಿಗೆ ಮನೆಗಳಿಗೆ ಹಿಂದಿರುಗಿದಳು. ಐದು ತಿಂಗಳು ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಹೋದ ವಾರ ಮಧ್ಯಾಹ್ನ ಕೊಟ್ರಬಸಪ್ಪ ಒಂದು ಕರಾರು ಟೈಪ್ ಮಾಡಿಸಲು ಬಂದ. ದೊಡ್ಡ ವ್ಯಾಪಾರ, ಮಾಲೀಕನೂ ಅವನ ಕಡೆಯವನೇ, ಗಿರಾಕಿಯೂ ಅವನ ಕಡೆಯವನೇ. ಸಂಪೂರ್ಣ ಕಮಿಷನ್ ಅವನದು. ನಾನು ಮುಖ ಗಂಟಿಕ್ಕಿಕೊಂಡೇ ಟೈಪ್ ಮಾಡುತ್ತ ಹೋದೆ. ಕೊನೆಗೆ ಸಾಕ್ಷಿಗಳ ಜಾಗ ಬಂತು.

"ಒಂದನೇ ಸಾಕ್ಷಿ ಯಾರು?"

ಅವನು ರಸ್ತೆ ನೋಡುತ್ತ ನಿಂತಿದ್ದ. "ಪಾರ್ಟಿ ಬಹಳ ಹುಷಾರಿನವರು ಮೇಡಂ. ನಂಬೋಕಾಗೋಂಥ ಸಾಕ್ಷಿ ಇದ್ರೆ ಮಾತ್ರ ಅಡ್ವಾನ್ಸ್ ಕೊಡ್ತೀವಿ ಅಂತಾರೆ. ಎಷ್ಟೋ ಜನರನ್ನ ನೆನೆಸ್ಕೊಂಡೆ." ನನ್ನ ಕಡೆ ತಿರುಗಿದ. "ಬಸವರಾಜೇಶ್ವರಿ, ಜನ್ನಾಪುರ, ಭದ್ರಾವತಿ ಅಂತ ಹಾಕಿ. ತನ್ನ ಮೇಲೇ ಸಾಕ್ಷಿ ಹೇಳ್ಕೊಂಡೋರು ಇನ್ಯಾರಿದ್ದಾರೆ ಹೇಳಿ."

ಕರಾರಿಗೆ ಸಾಕ್ಷಿ ಹಾಕುವ ಬ್ರೋಕರನಿಗೆ ಕಮಿಷನ್ನಿನಲ್ಲಿ ಪಾಲು ಉಂಟು. ಅದು ಕೊಟ್ರಬಸಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಕಣ್ಣು ಮಂಜಾಗಿ ಅವಳ ಹೆಸರಿನಲ್ಲಿ ಎರಡು ಅಕ್ಷರ ತಪ್ಪಿದವು. ಅವನು ಬಗ್ಗಿ ನೋಡಿ, "ಸರಿಯಾಗಿ ಹಾಕಿ ಮೇಡಂ, ಆ ಹೆಸರು ತಪ್ಪಬಾರ್ದು" ಎಂದ.