ಬೀಗರ ಕೆಳಗಿನ ಕಲ್ಲುಗಳು

ಮಾಸ್ತರಿಕೆ ಮಾಡುವ ಗೆಳೆಯರೇ, ಇವತ್ತು ನನ್ನ ಗಣಿತ ಪಾಠ ಒಂದು ಮದುವೆ ಸಂಬಂಧವನ್ನೇ ಮುರಿಯುವುದರಲ್ಲಿತ್ತು.

ಶಹಾಬಾದಿನ ನಮ್ಮ ಶಾಲೆಯ ಜೊತೆ ಕೈಜೋಡಿಸಿರುವ ಸಂಸ್ಥೆಯ ಮೇಡಂ ಹೇಳಿದ್ದರು: "ಸರ್, ಆನ್‌ಲೈನ್‌ನಲ್ಲಿ ಬರೀ ಬೋರ್ಡ್ ತೋರಿಸಬೇಡಿ. ಪುಸ್ತಕದ ಲೆಕ್ಕವನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡುವ ಹಾಗೆ ಬದಲಾಯಿಸಿ." ಬದಲಾಯಿಸಿದೆ. ಇವತ್ತಿನ ಭಾನುವಾರದ ಕ್ಲಾಸಿನಲ್ಲಿ, "ಒಂದು ಕಲ್ಲ ಅಳದು, ನೆಲದ ಕಲ್ಲೆಲ್ಲ ಎಣಿಸಿ ಪಡಸಾಲಿ ವಿಸ್ತೀರ್ಣ ಕಂಡುಹಿಡೀರಿ" ಎಂದೆ. ನಮ್ಮೂರಲ್ಲಿ ಕಲ್ಲು ಹಾಸದ ಮನೆ ಎಲ್ಲಿದೆ?

ಏಳನೇ ಕ್ಲಾಸಿನ ಭಾಗ್ಯಶ್ರೀ ಫೋನ್ ಹಿಡಿದು ಪಡಸಾಲೆಗೆ ಓಡಿದಳು. ಅಲ್ಲಿ ಅವಳ ಅಕ್ಕನನ್ನು ನೋಡಲು ಕಾಳಗಿಯಿಂದ ಬಂದ ಬೀಗರು ಜಮಖಾನೆಯ ಮೇಲೆ ಕೂತಿದ್ದರು. "ಸ್ವಲ್ಪ ಏಳ್ರಿ, ನಿಮ್ಮ ಬುಡಕಿನ ಕಲ್ಲ ಎಣಸಬೇಕಾಗ್ಯಾದ್ರಿ" ಎಂದವಳೇ ಜಮಖಾನೆ ಎಳೆದುಬಿಟ್ಟಳು.

"ಇನ್ನಾ ಚಾ ಸೈತ ಕುಡದಿಲ್ಲ, ಆಗಲೇ ಎಬ್ಬಸಾಕತ್ತೀರಲ್ಲ!" ಹುಡುಗನ ತಾಯಿ ಗುಡುಗಿದರು.

ನನ್ನ ಪರದೆಯ ತುಂಬ ಭಾಗ್ಯಶ್ರೀಯ ಅವ್ವನ ಮುಖ ಬಂತು. "ಸರ, ಈ ಸಂಬಂಧ ತಪ್ಪಿದ್ರ ವರಾ ನೀವೇ ಹುಡುಕಿ ಕೊಡಬೇಕು ನೋಡ್ರಿ!"

ಅಷ್ಟರಲ್ಲಿ ನೋಡಲು ಬಂದ ಹುಡುಗನೇ ಮೊಣಕಾಲೂರಿ ಭಾಗ್ಯಶ್ರೀಯ ಜೊತೆ ಕಲ್ಲು ಎಣಿಸತೊಡಗಿದ. ಬಾಗಿಲ ಹಿಂದಿನಿಂದ ಅವಳ ಅಕ್ಕ, "ಆ ಮೂಲ್ಯಾಗಿಂದು ಬಿಟ್ರಿ" ಎಂದಳು.

ಸಂಜೆ ಅವ್ವನ ಫೋನ್ ಬಂತು: "ಅವರು ಒಪ್ಪ್ಯಾರ್ರಿ ಸರ. ಮದುವಿ ದಿನ ಮಾತ್ರ ಕ್ಲಾಸ್ ಇಡಬ್ಯಾಡ್ರಿ."

ಮುಂದಿನ ಪಾಠ ಘನಫಲ. ಮದುವೆಮನೆಯ ಹಂಡೆಗಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ, ನೀವೇ ಹೇಳಿ?